ಐದೇ ಐದು

ಕೊಲ್ಲಿ ದೇಶದ ಶುಐಬಾದ ತೈಲ ಪ್ಲಾಂಟಿನೊಳಗೆ ಮೊಬೈಲ್ ಒಯ್ಯುವಂತಿಲ್ಲ. ಗೇಟಿನ ಪಕ್ಕದ ಲಾಕರಿನಲ್ಲಿಟ್ಟೇ ಒಳಗೆ ಹೋಗಬೇಕು. ಬೆಂಕಿ ಬೀಳಬಾರದೆಂದು ಮಾಡಿದ ನಿಯಮ. ಆದರೆ ಆ ಗುರುವಾರ ಪಂಪ್ ಟೆಕ್ನೀಶಿಯನ್ ಫಕೀರಪ್ಪನ ಮನೆಗೆ ಬೆಂಕಿ ಬಿದ್ದದ್ದೇ ಆ ನಿಯಮದಿಂದ.

ಚಹಾ ಬಿಡುವಿನಲ್ಲಿ ಓಡಿಬಂದು ಲಾಕರ್ ತೆಗೆದರೆ ಮಗಳು ಸ್ನೇಹಾಳ ಇಂಗ್ಲಿಷ್ ಮೆಸೇಜ್ ಬಂದಿತ್ತು. ಗಣಿತದಲ್ಲಿ ಐದು ಬಂದಿದೆ, ಮೊದಲ ವರ್ಷದ ಗಣಿತದ ಕ್ಲಾಸಿಗೆ ಬರುವುದೇ ಬೇಡ ಎಂದು ಯುನಿವರ್ಸಿಟಿಯವರು ಹೇಳಿದ್ದಾರೆ. ಕೊನೆಯಲ್ಲಿ ಹೊಳೆಯಂತೆ ಕಣ್ಣೀರು ಸುರಿಸುವ ಮೂರು ಹಳದಿ ಮುಖಗಳು.

ಫಕೀರಪ್ಪ ಅದನ್ನು ಎರಡು ಸಲ ಓದಿದ. ಸ್ನೇಹಾ ಸ್ಕೂಲಿನಲ್ಲಿದ್ದಾಗಲೇ ಕಾಲೇಜಿನ ಗಣಿತ ಓದಿ ಪರೀಕ್ಷೆ ಬರೆದಿದ್ದಳು. ಆ ಪರೀಕ್ಷೆ ಚೆನ್ನಾಗಿ ಮಾಡಿದರೆ ಯುನಿವರ್ಸಿಟಿಯವರು ಕ್ರೆಡಿಟ್ ಕೊಡುತ್ತಾರೆ ಎಂಬಷ್ಟು ಅವನಿಗೆ ಗೊತ್ತಿತ್ತು. ಮಿಕ್ಕದ್ದನ್ನು ಕೇಳುವ ಗೋಜಿಗೆ ಹೋಗಿರಲಿಲ್ಲ. ಕೇಳಿದರೆ ಮಗಳು ಇಂಗ್ಲಿಷಿನಲ್ಲಿ ಹೇಳುತ್ತಾಳೆ. ರಿಗ್ಗೈ ಬಡಾವಣೆಯ ತನ್ನ ಕಟ್ಟಡದಲ್ಲಿ ಮಾತ್ರ, "ನನ್ನ ಮಗಳಿಗೆ ತೊಂಬತ್ತೆಂಟಕ್ಕ ಕಡಿಮಿ ಬಂದ್ರ ಮೀಸಿ ಬೋಳಿಸ್ತೀನ್ರಿ" ಎಂದು ಮನೆಮನೆಗೂ ಹೇಳಿ ಬಂದಿದ್ದ. ಆ ಮಾತು ನಂಬಿದ ಮೇಲಿನ ಮನೆಯ ಕಮಲಾಕ್ಷ, ಕನ್ನಡ ಸಂಘದ ಕಾರ್ಯದರ್ಶಿ, ಅಂದಿನ ಸಂಜೆಯ ಪ್ರತಿಭಾ ಪುರಸ್ಕಾರಕ್ಕೆ ಸ್ನೇಹಾಳ ಹೆಸರನ್ನು ಮುಂಚೆಯೇ ಸೇರಿಸಿದ್ದರು. ಮಗಳು ವೇದಿಕೆ ಹತ್ತುವುದನ್ನು ನೋಡಲೆಂದೇ ಫಕೀರಪ್ಪ ಹೊಸ ಅಂಗಿ ಇಸ್ತ್ರಿ ಮಾಡಿಸಿಟ್ಟಿದ್ದ.

"ಯಾಕಲೇ ಫಕೀರಾ, ಮಾರಿ ಬಾಡೇತಿ?" ಜೊತೆಗೆ ಕೆಲಸ ಮಾಡುವ ಸಂಜೀವ ಮೊಬೈಲಿಗೆ ಇಣುಕಿ ನೋಡಿದ. "ಐದ? ನೂರಕ್ಕ ಐದ? ಹೆಸರ ಬರದ್ರನ ಹತ್ತ ಕೊಡ್ತಾರಲೇ!"

"ಕ್ಲಾಸಿಗೂ ಬರಬ್ಯಾಡ ಅಂದಾರಪಾ."

"ಅಂದ್ರ ಖಲಾಸ್. ಇವತ್ತ ಸ್ಟೇಜಿನ ಮ್ಯಾಲ ಮಾರ್ಕ್ಸ್ ಓದಿ ಹೇಳ್ತಾರ. ಕೂಸಿನ ಮರ್ಯಾದಿ ಉಳೀಬೇಕಂದ್ರ ಹೆಸರ ತಗಸು. ಯಲ್ಲಾ, ಲಗೂನ ಫೋನ್ ಹಚ್ಚು!"

ಮನೆಗೆ ಫೋನ್ ಮಾಡುವ ಧೈರ್ಯವಾಗಲಿಲ್ಲ. ಅಳುವ ಮಗಳಿಗೆ ಏನು ಹೇಳುವುದು? ಫಕೀರಪ್ಪ ಕಮಲಾಕ್ಷರಿಗೇ ಫೋನ್ ಮಾಡಿ ಎಲ್ಲ ಹೇಳಿದ.

"ಅಯ್ಯೋ ದೇವರೇ! ನೀವು ತಲೆಬಿಸಿ ಮಾಡ್ಬೇಡಿ ಮಾರಾಯ್ರೆ. ಹೆಸರು ನಾನು ತೆಗಿತೇನೆ. ಒಂದು ನರಪಿಳ್ಳೆಗೂ ಗೊತ್ತಾಗುದಿಲ್ಲ."

ನರಪಿಳ್ಳೆಗೆ ಗೊತ್ತಾಗಲಿಲ್ಲ, ಕಮಲಾಕ್ಷರ ಹೆಂಡತಿ ಮೋಹಿನಿಗೆ ಗೊತ್ತಾಯಿತು. ಮೋಹಿನಿಗೆ ಗೊತ್ತಾದದ್ದು ಕಟ್ಟಡಕ್ಕೆಲ್ಲ ಗೊತ್ತಾಗಲು ಲಿಫ್ಟು ಒಮ್ಮೆ ಮೇಲೆ ಕೆಳಗೆ ಹೋಗಿಬಂದರೆ ಸಾಕು.

ಸಂಜೆ ಫಕೀರಪ್ಪ ಬೆವರು ಒರೆಸುತ್ತ ಬಂದಾಗ ಮೋಹಿನಿ ಲಿಫ್ಟಿನ ಬಾಗಿಲಲ್ಲೇ ಕಾದಿದ್ದರು. ಅವನ ಕೈಗೆ ಬಿಸಿ ಡಬ್ಬಿಯೊಂದನ್ನಿಟ್ಟು ದನಿ ತಗ್ಗಿಸಿದರು.

"ನೀರುದೋಸೆ ಉಂಟು. ಇವತ್ತು ನೀಲಕ್ಕ ಒಲೆ ಹಚ್ಚುದು ಬೇಡ. ಮಗುವಿಗೆ ಬೈಬೇಡಿ, ಆಯ್ತಾ?"

ಆದರೆ ಮನೆಯಲ್ಲಿ ಒಲೆ ಭರ್ಜರಿಯಾಗಿ ಉರಿಯುತ್ತಿತ್ತು. ಬಾಗಿಲಲ್ಲೇ ತುಪ್ಪದ ವಾಸನೆ. ಹೆಂಡತಿ ನೀಲಕ್ಕ ಅವನ ಬಾಯಿಗೊಂದು ಹೋಳಿಗೆ ತುರುಕಿದಳು.

"ಎಷ್ಟ ಸಲ ಫೋನ್ ಮಾಡೂದು? ಐದಕ್ಕ ಐದು ಬಂದಾವು ಕೂಸಿಗೆ!"

"ಐದಕ್ಕ?" ಹೋಳಿಗೆ ಗಂಟಲಲ್ಲಿ ನಿಂತಿತು. "ನೂರಕ್ಕಲ್ಲ?"

"ಅಪ್ಪಾ, ಇಟ್ಸ್ ಔಟ್ ಆಫ್ ಫೈವ್!" ಸ್ನೇಹಾ ಕುಣಿಯುತ್ತ ಬಂದಳು. "ಟಾಪ್ ಸ್ಕೋರ್! ಕ್ರೆಡಿಟ್ ಸಿಕ್ತು, ಸೋ ಫಸ್ಟ್ ಇಯರ್ ಮ್ಯಾಥ್ಸ್ ಸ್ಕಿಪ್!"

"ಮತ್ತ ಅಳಾಕತ್ತಿದ್ವಲ್ಲ, ಆ ಮಾರಿಗೋಳು?"

"ಹ್ಯಾಪಿ ಟಿಯರ್ಸ್, ಅಪ್ಪಾ!"

ಫಕೀರಪ್ಪನಿಗೆ ಮಗಳನ್ನು ಎತ್ತಿ ಕುಣಿಸಬೇಕೆನ್ನುವಷ್ಟು ಸಂತೋಷವಾಯಿತು. ಆದರೆ ಹೆಸರು ತೆಗೆಸಿದ್ದು ತಾನೇ! ಮಗಳೋ ವೇದಿಕೆಗೆಂದು ರೇಷ್ಮೆ ಲಂಗ ಉಟ್ಟು ನಿಂತಿದ್ದಾಳೆ.

"ಈ ಡಬ್ಬಿ ಎಲ್ಲೀದು?" ನೀಲಕ್ಕ ಕೇಳಿದಳು.

"ಮೋಹಿನಿಯವರು... ಖುಷಿಗೆ ಕೊಟ್ರು" ಎಂದು ಹೇಳಿ ಬಚ್ಚಲಿಗೆ ನುಗ್ಗಿ ಕಮಲಾಕ್ಷರಿಗೆ ಫೋನ್ ಹಚ್ಚಿದ. ಸ್ವಿಚ್ ಆಫ್. ಸಭೆ ಶುರುವಾಗಿತ್ತು.

ಸಲ್ವಾದ ಸಭಾಂಗಣ ಮುಟ್ಟುವಾಗ ಮಕ್ಕಳ ಹೆಸರು ಕೂಗುತ್ತಿದ್ದರು. ಫಕೀರಪ್ಪ ವೇದಿಕೆಯತ್ತ ಓಡಿದ. ಕಾರ್ಯಕರ್ತನೊಬ್ಬ ತೋಳು ಹಿಡಿದು ಮುಂದಿನ ಸಾಲಿನಲ್ಲಿ ಕೂರಿಸಿದ. "ಕೂತ್ಕೊಳ್ಳಿ ಸಾರ್, ನಿಮ್ಮನ್ನೂ ಕರೀತಾರೆ."

ಒಬ್ಬೊಬ್ಬರಾಗಿ ಮಕ್ಕಳು ಹತ್ತಿ ಇಳಿದರು. ಸ್ನೇಹಾಳ ಹೆಸರು ಬರಲೇ ಇಲ್ಲ. ಹಿಂದಿನಿಂದ ನೀಲಕ್ಕನ ನೋಟ ಬೆನ್ನು ಸುಡುವುದು ಅವನಿಗೆ ಚೆನ್ನಾಗಿ ಗೊತ್ತಾಗುತ್ತಿತ್ತು. ಆಗ ಕಮಲಾಕ್ಷರು ಕನ್ನಡಕ ಒರೆಸಿಕೊಂಡು ಮೈಕಿನ ಮುಂದೆ ನಿಂತರು.

"ಕೊನೆಗೆ ಒಂದು ವಿಶೇಷ ಸನ್ಮಾನ. ಮಗಳಿಗೆ ನೂರಕ್ಕೆ ಐದೇ ಐದು ಬಂದ್ರೂ ಮುಚ್ಚಿಡದೆ, ಬೈಯದೆ, ಬೇರೆ ಮಕ್ಕಳಿಗೆ ಅವಕಾಶ ಬಿಟ್ಟುಕೊಟ್ಟ ಆದರ್ಶ ತಂದೆ, ನಮ್ಮ ಫಕೀರಪ್ಪನವರು!"

ನಾಲ್ಕು ಜನ ಎತ್ತಿಕೊಂಡೇ ಹೋದರು ಎನ್ನಬೇಕು. ಹೆಗಲಿಗೆ ಶಾಲು, ತಲೆಗೆ ಮೈಸೂರು ಪೇಟ, ಕೈಗೆ ಹಣ್ಣಿನ ಬುಟ್ಟಿ ಬಂದವು. ಫಕೀರಪ್ಪ ಮೈಕು ಕಸಿದುಕೊಂಡ.

"ತಪ್ಪಾಗೇತ್ರೀ! ನನ್ನ ಮಗಳು ಭಾಳ ಶಾಣ್ಯಾಕಿ! ಐದು ಅಂದ್ರ ಪೂರಾ ಮಾರ್ಕ್ಸ್! ಅಷ್ಟ ಶಾಣ್ಯಾ ಅಂತನ ಕ್ಲಾಸಿಗೆ ಬರೂದ ಬ್ಯಾಡ ಅಂದಾರ್ರೀ!"

ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮೋಹಿನಿ ಸೆರಗಿನಿಂದ ಕಣ್ಣೊತ್ತಿಕೊಂಡರು. ಕಮಲಾಕ್ಷರು ಅವನ ಬೆನ್ನು ತಟ್ಟಿ ಮೈಕು ಹಿಂದಕ್ಕೆ ತೆಗೆದುಕೊಂಡರು.

"ನೋಡಿ ಮಾರಾಯ್ರೆ, ಐದು ಬಂದ್ರೂ ಮಗಳನ್ನು ಬಿಟ್ಟುಕೊಡುದಿಲ್ಲ, ತಂದೆ ಅಂದ್ರೆ ಹೀಗಿರ್ಬೇಕು!"

ಪೇಟ ದೊಡ್ಡದಾಗಿತ್ತು, ಜಾರಿ ಕಣ್ಣು ಮುಚ್ಚಿತು. ಚಪ್ಪಾಳೆ ತಟ್ಟದೆ ಎದ್ದು ವೇದಿಕೆಯತ್ತ ಬರುತ್ತಿದ್ದವಳು ನೀಲಕ್ಕ ಒಬ್ಬಳೇ. ಫಕೀರಪ್ಪ ಪೇಟವನ್ನು ಮೇಲೆತ್ತುವ ಗೊಡವೆಗೆ ಹೋಗಲಿಲ್ಲ.