ಬೆನ್ನು ತೋರಿಸಿ ಬಂದ ಸುಂದರಿ

ಇಂದ:
ಗಂಗಲಕ್ಷ್ಮಮ್ಮ,
ಪವರ್‌ಲೂಮ್ ಸಂಜೀವಪ್ಪನವರ ಹೆಂಡತಿ,
ನೇಕಾರರ ಬೀದಿ, ದೊಡ್ಡಬಳ್ಳಾಪುರ

ಗೆ:
ಮಾನ್ಯ ಅಧ್ಯಕ್ಷೆಯವರು,
ಅರುಣೋದಯ ಮಹಿಳಾ ಸಮಾಜ, ದೊಡ್ಡಬಳ್ಳಾಪುರ

ವಿಷಯ: ‘ನಾಡ ಸೊಬಗಿನ ಸುಂದರಿ’ ಸ್ಪರ್ಧೆಯಲ್ಲಿ ಅರ್ಜಿದಾರಳ ಮುಖ ನೋಡುವುದು ಬಾಕಿ ಉಳಿದಿರುವ ಬಗ್ಗೆ.

ಉಲ್ಲೇಖ: ೧೯೭೬ರ ಯುಗಾದಿಗೆ ತಾವು ಹಂಚಿದ ಕರಪತ್ರ, ‘ಮದುವೆಯಾದವರೂ ಭಾಗವಹಿಸಬಹುದು’ ಎಂಬ ಅದರ ಕೊನೆಯ ಸಾಲು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರಳು ಅರಿಕೆ ಮಾಡಿಕೊಳ್ಳುವುದೇನೆಂದರೆ, ಇದರಲ್ಲಿ ತಮ್ಮ ತಪ್ಪೇನೂ ಇಲ್ಲ. ಆದರೂ ಅರ್ಜಿ ತಮಗೇ ಹಾಕಬೇಕಾಗಿದೆ.

೧. ಅರ್ಜಿದಾರಳಿಗೆ ಈ ಹುಚ್ಚು ಹಿಡಿಸಿದ್ದು ಪಕ್ಕದ ಮನೆಯ ರುಕ್ಮಿಣಮ್ಮ. "ನಿನ್ನ ಮುಖದಲ್ಲಿ ಒಳ್ಳೆ ಕಳೆ ಐತೆ ಕಣೆ ಗಂಗಾ, ಹೋಗಿ ನಿಂತ್ಕೊ" ಎಂದಳು. ಮುಖದ ಬಗ್ಗೆ ಯಾರಾದರೂ ಮಾತಾಡಿದ್ದು ಅರ್ಜಿದಾರಳ ಜನ್ಮದಲ್ಲಿ ಅದೇ ಮೊದಲು. ಹೆಣ್ಣು ನೋಡಲು ಬಂದಿದ್ದ ಮಾವನವರು "ನೂಲು ಕಿತ್ರೆ ಗಂಟು ಹಾಕೋಕೆ ಬರ್ತದಾ?" ಎಂದು ಕೇಳಿ, ಬೆರಳು ನೋಡಿಕೊಂಡು ಹೋಗಿದ್ದರು. ಗಂಡಿನ ಕಣ್ಣು ಉಪ್ಪಿಟ್ಟಿನ ತಟ್ಟೆಯ ಮೇಲಿತ್ತು. ಈ ಕಾರಣ, ರುಕ್ಮಿಣಮ್ಮನ ಮಾತಿಗೆ ಅರ್ಜಿದಾರಳು ಉಬ್ಬಿಹೋದಳು. ವಾರವೆಲ್ಲ ಮುಖಕ್ಕೆ ಕಡಲೆಹಿಟ್ಟು ಹಚ್ಚಿದಳು. "ಬೋಂಡ ಮಾಡೋ ಹಿಟ್ನೆಲ್ಲ ಮೂತಿಗೆ ಬಳ್ಕೊಂಡ್ಳು" ಎಂದು ಅತ್ತೆ ಅಕ್ಕಯಮ್ಮನವರಿಂದ ಹೇಳಿಸಿಕೊಂಡಳು.

೨. ಉಡಲು ಯಜಮಾನರ ಮಗ್ಗದಿಂದ ಆಗಷ್ಟೇ ಇಳಿದಿದ್ದ ನೇರಳೆ ಬಣ್ಣದ ಸೀರೆ ಸಿಕ್ಕಿತು. ನೇಯುವ ಮನೆಯಲ್ಲಿ ನೇಯ್ದದ್ದನ್ನು ಉಡುವ ವಾಡಿಕೆ ಇಲ್ಲ, ಅದು ಅಂಗಡಿಯ ಮಾಲು. ಯಜಮಾನರು ತಲೆ ಕೆರೆದುಕೊಂಡು, "ಕೊಳೆ ಮಾಡ್ಬೇಡ, ನಾಳೆ ಸಾವ್ಕಾರ್ರಿಗೆ ಕೊಡ್ಬೇಕು" ಎಂದು ಹೇಳಿ ಕೊಟ್ಟರು.

೩. ಇಲ್ಲಿ ಒಂದು ಸಂಗತಿ ತಮ್ಮ ಗಮನಕ್ಕೆ ತರಬೇಕಾಗಿದೆ. ಮನೆಗೆ ವ್ಯಾಪಾರಿಗಳು ಬಂದರೆ ಸೀರೆಯನ್ನು ಹೆಗಲ ಮೇಲೆ ಹಾಕಿಕೊಂಡು ತೋರಿಸುವುದು ಅರ್ಜಿದಾರಳ ಕೆಲಸ. ಅವರಿಗೆ ಬೆನ್ನು ಮಾಡಿ, ಸೆರಗು ಅಗಲಿಸಿ, ತಲೆ ತಗ್ಗಿಸಿ ನಿಲ್ಲಬೇಕು. ನೋಡುವವರಿಗೆ ಸೀರೆ ಕಾಣಬೇಕೇ ಹೊರತು ಹೆಂಗಸಲ್ಲ. ಮದುವೆಯಾದಂದಿನಿಂದ ಮಾಡಿ ಮಾಡಿ ಅದು ಮೈಗೆ ಹತ್ತಿಬಿಟ್ಟಿದೆ.

೪. ಸ್ಪರ್ಧೆಯ ದಿನ ಹೆಸರು ಕೂಗಿದರು. ವೇದಿಕೆ ಹತ್ತಿದರೆ, ಬೆಂಗಳೂರಿನಿಂದ ಬಂದ ಮೂವರು ತೀರ್ಪುಗಾರರು ಕುರ್ಚಿಯಲ್ಲಿ ಸಾಲಾಗಿ ಕುಳಿತು ನೋಡುತ್ತಿದ್ದರು, ಥೇಟ್ ವ್ಯಾಪಾರಿಗಳ ಹಾಗೆ. ಅಷ್ಟೇ ಸಾಕಾಯಿತು. ಅರ್ಜಿದಾರಳು ಗರಕ್ಕನೆ ತಿರುಗಿ ಬೆನ್ನು ಕೊಟ್ಟು, ಸೆರಗು ಬಿಡಿಸಿ ನಿಂತಳು. "ಸ್ವಲ್ಪ ಈ ಕಡೆ ತಿರುಗಿ" ಎಂದರು. ಸೆರಗನ್ನು ಮಗುಚಿ ಒಳಮಗ್ಗುಲು ತೋರಿಸಿದಳು. "ನಿಮ್ಮ ಬಗ್ಗೆ ಏನಾದ್ರೂ ಹೇಳೀಮ್ಮ" ಎಂದರು. "ಎಷ್ಟು ಒಗೆದ್ರೂ ಬಣ್ಣ ಬಿಡಲ್ಲ ಸ್ವಾಮಿ" ಎಂದಳು. ಸಭೆ ಬಿದ್ದು ಬಿದ್ದು ನಕ್ಕಿತು. ಆಗಲೂ ಅರ್ಜಿದಾರಳು, ಸೀರೆಯಲ್ಲೇ ಏನೋ ಎಡವಟ್ಟಾಗಿರಬೇಕೆಂದು ಅಂಚು ಹುಡುಕುತ್ತಿದ್ದಳು.

೫. ಕಿರೀಟ ಡಾಕ್ಟರ ಹೆಂಡತಿಗೆ ಹೋಯಿತು. ಅವರು ಎದುರಿಗೆ ನಿಂತಿದ್ದರು, ಆದ್ದರಿಂದ ನ್ಯಾಯವೇ. ಆದರೆ ಕರಪತ್ರದಲ್ಲಿ ಇಲ್ಲದಿದ್ದ ‘ಅತ್ಯುತ್ತಮ ಸೀರೆ’ ಎಂಬ ಬಹುಮಾನವನ್ನು ಅಲ್ಲೇ ಹುಟ್ಟುಹಾಕಿ, ಸಂಜೀವಪ್ಪನವರ ಹೆಸರಿಗೆ ಪ್ರಶಸ್ತಿಪತ್ರ ಬರೆದುಕೊಟ್ಟರು. ಅದೀಗ ಮಗ್ಗದ ಮೇಲುಗಡೆ ತೂಗುತ್ತಿದೆ. "ಸೊಸೆ ಹೋಗಿ ನನ್ ಮಗನ್ನ ಗೆಲ್ಲಿಸ್ಕೊಂಡು ಬಂದ್ಳು" ಎಂದು ಅತ್ತೆಯವರು ಬೀದಿಗೆಲ್ಲ ಹೇಳಿ ಆಗಿದೆ. ಅರ್ಜಿದಾರಳೂ ಜೊತೆಗೆ ನಕ್ಕಳು. ಒಳಗೆ ಹೋಗಿ ಸೀರೆ ಮಡಿಸುವಾಗ ಮಾತ್ರ ಅಳು ತಡೆಯಲಾಗಲಿಲ್ಲ. ಸಾವ್ಕಾರರ ಮಾಲು ಕಲೆಯಾಗಬಾರದೆಂದು ಅದನ್ನು ಆಚೆ ಇಟ್ಟು ಅತ್ತಳು.

ಆದ್ದರಿಂದ, ಬಹುಮಾನ ವಾಪಸ್ ಪಡೆಯಿರೆಂದಾಗಲಿ, ಸ್ಪರ್ಧೆ ಮತ್ತೆ ನಡೆಸಿರೆಂದಾಗಲಿ ಕೇಳುತ್ತಿಲ್ಲ. ಮನೆಯಲ್ಲಿ ಉಡುವ ಹಳೆ ನೂಲಿನ ಸೀರೆಯಲ್ಲಿ, ಎದುರು ಮುಖ ಮಾಡಿ, ಅರ್ಜಿದಾರಳು ಸ್ಟುಡಿಯೋದಲ್ಲಿ ಒಂದು ಫೋಟೋ ತೆಗೆಸಿದ್ದಾಳೆ. ತೀರ್ಪುಗಾರರು ನೋಡಿ, ಹಿಂಬದಿಯಲ್ಲಿ ‘ನೋಡಿದೆವು’ ಎಂದು ಬರೆದು ಸಹಿ ಹಾಕಿದರೆ ಸಾಕು. ಚೆನ್ನಾಗಿದೆ ಎಂದು ಬರೆಯುವ ಅಗತ್ಯವಿಲ್ಲ. ಬರೆದರೆ ಆಕ್ಷೇಪಣೆಯೂ ಇಲ್ಲ.

ಅಂದು ಬೆನ್ನು ತೋರಿಸಿ, ಇಂದು ಎದುರು ನಿಂತಿರುವ
ತಮ್ಮ ವಿಶ್ವಾಸಿ,
ಗಂಗಲಕ್ಷ್ಮಮ್ಮ

ಲಗತ್ತುಗಳು:
೧) ಸ್ಪರ್ಧೆಯ ದಿನದ ಫೋಟೋ. ಬೆನ್ನು ಅರ್ಜಿದಾರಳದೇ ಎಂದು ಯಜಮಾನರು ದೃಢೀಕರಿಸಿದ್ದಾರೆ. ಸೀರೆ ನೋಡಿ ಗುರುತು ಹಿಡಿದರಂತೆ.
೨) ಎದುರಿನ ಫೋಟೋ, ಒಂದು ಪ್ರತಿ. ಇನ್ನೊಂದು ಪ್ರತಿಯನ್ನು ಯಜಮಾನರಿಗೆ ಕೊಡಲಾಗಿ, "ಅಲ್ಲಿಡು, ಕರೆಂಟ್ ಹೋಗಿ ಮಗ್ಗ ನಿಂತಾಗ ನೋಡ್ತೀನಿ" ಎಂದಿದ್ದಾರೆ. ಅಂದಿನಿಂದ, ಎಂದೂ ಇಲ್ಲದ ಹಾಗೆ, ಕರೆಂಟ್ ಹೋಗಿಲ್ಲ.

ಪ್ರತಿ: ಕರೆಂಟ್ ಆಫೀಸಿನ ಸಾಹೇಬರಿಗೆ. ಯಾವುದಾದರೂ ಒಂದು ಮಧ್ಯಾಹ್ನ, ಬೆಳಕಿರುವಾಗಲೇ, ನೇಕಾರರ ಬೀದಿಗೆ ಅರ್ಧ ಗಂಟೆ ಕರೆಂಟ್ ತೆಗೆಯಬೇಕಾಗಿ ವಿನಂತಿ.