ವೈನಿಯ ಡಿಗ್ರಿ ಮತ್ತು ಎರಡೂರಿನ ರಾಹು

ಜಗತ್ತಿನ ಉಳಿದೆಲ್ಲ ಊರುಗಳಲ್ಲಿ ದಿನಕ್ಕೆ ರಾಹುಕಾಲ ಒಂದೇ. ಮೆಲ್ಬರ್ನ್‌ನ ಕ್ಲೈಡ್ ನಾರ್ತ್‌ನಲ್ಲಿ ಮಾತ್ರ ಎರಡು! ನಂಬಿಕೆ ಬರುವುದಿಲ್ಲವೇ? ಹಾಗಾದರೆ ನೀವು ನಮ್ಮ ವೈನಿಯನ್ನು ನೋಡಿಲ್ಲ.

ವೈನಿ ಎಂದರೆ ನನ್ನ ಅಣ್ಣನ ಹೆಂಡತಿ. ಧಾರವಾಡದ ಕಡೆ ಅತ್ತಿಗೆಯನ್ನು ನಾವು ಕರೆಯುವುದೇ ಹಾಗೆ. ಸಿಡ್ನಿಯ ನಾರ್ವೆಸ್ಟ್‌ನ ಆಫೀಸಿನಲ್ಲಿ ನನ್ನ ಪಾಡಿಗೆ ನಾನಿದ್ದೆ. ಒಂದು ದಿನ ಅವರ ಫೋನ್ ಬಂತು.

“ತಮ್ಮಾ, ನಾ ಮಣ್ಣಿನ ಡಿಗ್ರಿ ಮಾಡಾಕಿ ಇದ್ದೀನಿ. ಪ್ಲ್ಯಾನ್ ಹಾಕಿಕೊಡು.”

“ಮಣ್ಣಿನ ಡಿಗ್ರಿ ಅಂದ್ರ ಏನ್ರಿ ವೈನಿ?”

“ಹೂಂ. ಮಣ್ಣು, ಬೆಳಿ, ಗೊಬ್ಬರ. ಅಗ್ರಾನಮಿ ಅಂತಾರ. ನೀ ನಗೂದು ಇಲ್ಲಿ ತನಕಾ ಕೇಳಸ್ತದ.”

ನಕ್ಕಿದ್ದು ನಿಜ. ಮಗಳು ಕಾಲೇಜು ಮುಗಿಸುವ ಹೊತ್ತಿಗೆ ತಾಯಿ ಕಾಲೇಜು ಸೇರುವುದೆಂದರೆ! ಆದರೆ ವೈನಿ ಆಗಲೇ ಡ್ಯಾಂಡಿನಾಂಗ್‌ನ ಕಾಲೇಜೊಂದರಲ್ಲಿ ಡಿಪ್ಲೊಮಾಕ್ಕೆ ಸೇರಿಬಿಟ್ಟಿದ್ದರು. ಅಲ್ಲಿ ಸರಿಯಾದ ವಿಷಯಗಳನ್ನು ಮುಗಿಸಿದರೆ ಅವೇ ಕ್ರೆಡಿಟ್‌ಗಳ ಮೇಲೆ ಯೂನಿವರ್ಸಿಟಿಯ ಎರಡನೇ ವರ್ಷಕ್ಕೆ ನೇರ ಹಾರಬಹುದು. ಒಂದು ವಿಷಯ ತಪ್ಪಿದರೂ ಆ ವರ್ಷದ ಹಾರಾಟ ಕೈತಪ್ಪಿತು.

ನಾನು ಕಷ್ಟಪಟ್ಟು ಒಂದು ಎಕ್ಸೆಲ್ ಶೀಟ್ ಮಾಡಿ ಕಳಿಸಿದೆ. ವೈನಿ ಅದನ್ನು ತೆರೆದೂ ನೋಡಲಿಲ್ಲ. ಊಟದ ಮೇಜಿನ ಮೇಲೆ ಬಟ್ಟಲುಗಳನ್ನು ಸಾಲಾಗಿ ಇಟ್ಟು, ಒಂದೊಂದು ಬಟ್ಟಲಿಗೆ ಒಂದೊಂದು ಸೆಮಿಸ್ಟರ್ ಎಂದು ಹೆಸರಿಟ್ಟರು. ತೊಗರಿಬೇಳೆ ಕೆಮಿಸ್ಟ್ರಿ, ಕಡಲೆ ಸಸ್ಯಶಾಸ್ತ್ರ, ಮೆಂತ್ಯ ಸ್ಟಾಟಿಸ್ಟಿಕ್ಸ್. ಮೆಂತ್ಯ ಯಾಕೆ? “ಕಹಿ ಅದಲಾ, ಅದಕ್ಕ!” ಯಾವುದರ ನಂತರ ಯಾವುದು ಎಂಬ ನಿಯಮ ನನಗೆ ತಲೆಗೆ ಹತ್ತುತ್ತಿರಲಿಲ್ಲ. ವೈನಿಗೆ ಅದು ನೀರು ಕುಡಿದಷ್ಟು ಸುಲಭ. “ಅಕ್ಕನ ಲಗ್ನ ಆಗದ ತಂಗೀದು ಮಾಡಬಾರದು, ಅಷ್ಟ! ಕೆಮಿಸ್ಟ್ರಿ ಅಕ್ಕ, ಮಣ್ಣು ತಂಗಿ.”

ಇಂಥ ಭವ್ಯ ಯೋಜನೆ ಮೂರನೇ ದಿನಕ್ಕೆ ಮುರಿದುಬಿತ್ತು. ಅಣ್ಣನ ಮನೆಯಲ್ಲೇ ಇರುವ ನಮ್ಮ ಅವ್ವ ಬೆಳಿಗ್ಗೆ ಎದ್ದು ಮೇಜು ಸ್ವಚ್ಛ ಮಾಡಿ, ಕೆಮಿಸ್ಟ್ರಿಯನ್ನು ಕುಕ್ಕರಿಗೆ ಹಾಕಿದ್ದಳು. “ಸಾರು ಛಲೋ ಆಗಿತ್ತು” ಎಂದು ಅಣ್ಣ ಫೋನಿನಲ್ಲಿ ಹೇಳಿದ.

ಕಾಲೇಜಿನ ಸಲಹೆಗಾರನೊಡನೆ ವೀಡಿಯೊ ಕಾಲ್ ಇದ್ದಾಗ ಧೈರ್ಯಕ್ಕಿರಲಿ ಎಂದು ನನ್ನನ್ನೂ ಸೇರಿಸಿಕೊಂಡರು. ಧೈರ್ಯ ಬೇಕಾಗಿದ್ದು ಆ ಹುಡುಗನಿಗೆ! ವೈನಿ ಲಗ್ನಕ್ಕೆ ಮುಂಚೆ ಧಾರವಾಡದಲ್ಲಿ ಕೃಷಿ ಓದಲು ಸೇರಿ ಒಂದು ವರ್ಷ ಮುಗಿಸಿದ್ದರು. ಎರಡನೇ ವರ್ಷದ ಪರೀಕ್ಷೆ ಹತ್ತಿರ ಬಂದಾಗ, ಇಂಥ ಮುಹೂರ್ತ ಮತ್ತೆ ಸಿಗುವುದಿಲ್ಲವೆಂದು ಅವ್ವ ಪಟ್ಟು ಹಿಡಿದು ಲಗ್ನ ಮುಗಿಸಿದಳು. ಪುಸ್ತಕ ಅಟ್ಟ ಸೇರಿತು, ವೈನಿ ನಮ್ಮ ಮನೆ ಸೇರಿದರು. ಆ ಹಳೆಯ ಒಂದು ವರ್ಷಕ್ಕೂ ಕ್ರೆಡಿಟ್ ಕೊಡಬೇಕೆಂದು ಈಗ ಅವರ ವಾದ. ಅಷ್ಟು ಹಳೆಯ ಓದು ನಡೆಯುವುದಿಲ್ಲ, ಅವಧಿ ಮುಗಿದಿದೆ ಎಂದ ಹುಡುಗ. ವೈನಿ ಇಂಗ್ಲಿಷಿನಲ್ಲಿ ಕೇಳಿದರು: “ಇಷ್ಟು ವರ್ಷದಲ್ಲಿ ಮಣ್ಣೇನಾದರೂ ಬದಲಾಗಿದೆಯೇ?”

ಆತ ಸ್ವಲ್ಪ ಯೋಚಿಸಿ, ಪಾಪ, ನಿಯಮ ನಿಯಮವೇ ಎಂದ. ವೈನಿ ಕಾಲ್ ಮುಗಿಸಿ ನನ್ನ ಮೇಲೆ ಹರಿಹಾಯ್ದರು. “ನೀ ಯಾಕ ಬಾಯಿಗೆ ಬೀಗ ಹಾಕ್ಕೊಂಡಿದ್ದಿ?”

ಅಲ್ಲಿಂದ ಮುಂದೆ ಅವರನ್ನು ಹಿಡಿಯುವವರೇ ಇರಲಿಲ್ಲ. ಹಿತ್ತಲಿನ ಮಣ್ಣು ಮಳೆಗೆ ಚಪ್ಪಲಿ ಕಿತ್ತುಕೊಳ್ಳುತ್ತದೆ, ಬೇಸಿಗೆಗೆ ಬಾಯಿ ಬಿಡುತ್ತದೆ. “ನಮ್ಮ ಎರಿಮಣ್ಣಿನ ಖಾಸಾ ತಂಗಿ ಇದು!” ಎಂದು ಅದನ್ನು ಕಲಸಿ, ಬೆರಳ ನಡುವೆ ಒತ್ತಿ, ರಿಬ್ಬನ್ ಎಷ್ಟು ಉದ್ದ ಬರುತ್ತದೆಂದು ನೋಡುವುದೇ ಕೆಲಸ. ರಿಬ್ಬನ್ ಉದ್ದವಾದಷ್ಟೂ ಕ್ಲೇ, ಅಂದರೆ ಜಿಗುಟು ಮಣ್ಣು, ಹೆಚ್ಚೆಂದು ಲೆಕ್ಕವಂತೆ. ಪಕ್ಕದ ಮನೆಯ ಬೆಂಗಳೂರು ಆಂಟಿಯಲ್ಲಿಗೆ ಊಟಕ್ಕೆ ಹೋದಾಗ ಅವರ ಚಪಾತಿ ಹಿಟ್ಟನ್ನೂ ಹಾಗೇ ಒತ್ತಿ, “ಇದ್ರಾಗ ಕ್ಲೇ ಕಡಿಮಿ ಅದ್ರಿ” ಎಂದುಬಿಟ್ಟರು. ಆ ಆಂಟಿ ಇವತ್ತಿಗೂ ನಮ್ಮವರಿಗೆ ಚಪಾತಿ ಬಡಿಸುವುದಿಲ್ಲ, ಅನ್ನವೇ ಗತಿ.

ಈಗ ರಾಹುವಿನ ವಿಷಯಕ್ಕೆ ಬರೋಣ. ಡಿಪ್ಲೊಮಾದಲ್ಲಿ ಇನ್ನು ಉಳಿದಿದ್ದು ಒಂದೇ ವಿಷಯ, ಮಣ್ಣಿನ ವಿಜ್ಞಾನ. ವರ್ಷಕ್ಕೊಮ್ಮೆ ಮಾತ್ರ ನಡೆಯುವ ಪಾಠ, ಸೀಟು ಕೆಲವೇ ಕೆಲವು. ಸೋಮವಾರ ಮಧ್ಯಾಹ್ನ ಒಂದಕ್ಕೆ ಆನ್‌ಲೈನ್‌ನಲ್ಲಿ ತೆರೆಯುತ್ತದೆ, ತೆರೆದ ಕೂಡಲೇ ಒತ್ತಬೇಕು. ನಾನು ಒಂದೂಕಾಲಿಗೆ ಫೋನ್ ಮಾಡಿದೆ.

“ಆತೇನ್ರಿ ವೈನಿ?”

“ಇಲ್ಲೋ. ರಾಹುಕಾಲ ನಡದದ.”

“ಸೋಮವಾರದ ರಾಹುಕಾಲ ಮುಂಜಾನೇನ ಮುಗೀತಲ್ರಿ!”

“ಅದು ಇಲ್ಲೀ ರಾಹು. ಊರಿನ ರಾಹು ಈಗ ಬಂದಾನ. ಧಾರವಾಡದಾಗ ಈಗ ಏಳೂ ಮುಕ್ಕಾಲು, ಏಳೂವರಿಯಿಂದ ಒಂಬತ್ತರ ತನಕಾ ಅವನ ಹೊತ್ತು.”

ನಾನು ದಂಗಾದೆ. ಅವರ ಮನೆಯ ಗೋಡೆಯ ಮೇಲಿದ್ದದ್ದು ಊರಿನಿಂದ ತರಿಸಿದ ಪಂಚಾಂಗ. ಯಾವುದಕ್ಕೂ ಇರಲಿ ಎಂದು ವೈನಿ ಎರಡೂ ಊರಿನ ರಾಹುವಿಗೆ ಮರ್ಯಾದೆ ಕೊಡುತ್ತಾರಂತೆ; ಇದನ್ನು ಕಲಿಸಿದವಳು ಅವ್ವ. ನಮಗೆಲ್ಲ ಇಲ್ಲಿ ಕಾಯಂ ನೆಲೆಸಲು ಪಿಆರ್ ಸಿಗಲು ವರ್ಷಗಟ್ಟಲೆ ಹಿಡಿಯಿತು, ರಾಹುವಿಗೆ ಮಾತ್ರ ಎರಡೂ ದೇಶದಲ್ಲಿ ಠಿಕಾಣಿ! ಹಿಂದಿನಿಂದ ಮಗಳು “ಮಮ್, ಜಸ್ಟ್ ಕ್ಲಿಕ್ ಇಟ್!” ಎಂದು ಕೂಗುತ್ತಿದ್ದಳು. ಎರಡೂವರೆಗೆ ಊರಿನ ರಾಹು ಹೊರಟುಹೋದ. ಅವನ ಹಿಂದೆಯೇ ಸೀಟುಗಳೂ ಹೊರಟುಹೋಗಿದ್ದವು.

ವೈನಿಯ ಹೆಸರು ವೇಟಿಂಗ್ ಲಿಸ್ಟಿಗೆ ಬಿತ್ತು. ಆಮೇಲಿನ ದಿನಗಳಲ್ಲಿ ಅವರು ನನಗೆ ಫೋನ್ ಮಾಡಲಿಲ್ಲ, ನಾನೇ ಮಾಡಿದರೆ “ಮುಂದಿನ ವರ್ಷ ನೋಡಿದ್ರಾತು” ಎನ್ನುತ್ತಿದ್ದರು. ಆ ದನಿ ಕೇಳಿ ನನಗೆ ಸಂಕಟವಾಗುತ್ತಿತ್ತು.

ಆಫೀಸಿನ ಕೆಲಸಕ್ಕೆ ನಾನು ಮೆಲ್ಬರ್ನ್‌ಗೆ ಹೋಗಿ ಅಣ್ಣನ ಮನೆಯಲ್ಲಿ ಉಳಿದಿದ್ದೆ. ಶುಕ್ರವಾರ ಬೆಳಿಗ್ಗೆ ವೈನಿ ಹಿತ್ತಲಲ್ಲಿ ಮಣ್ಣು ಅಗೆಯುತ್ತಿದ್ದರು, ಅವ್ವ ಬತ್ತಿ ಹೊಸೆಯುತ್ತಿದ್ದಳು. ಮೇಜಿನ ಮೇಲಿದ್ದ ವೈನಿಯ ಫೋನ್ ಸದ್ದು ಮಾಡಿತು. ನೋಡಿದರೆ ಕಾಲೇಜಿನ ಸಂದೇಶ: ಯಾರೋ ಒಬ್ಬರು ಬಿಟ್ಟಿದ್ದರಿಂದ ಒಂದು ಸೀಟು ಖಾಲಿ ಆಗಿದೆ. ಹನ್ನೊಂದೂವರೆಯೊಳಗೆ ಒಪ್ಪಿಗೆ ಒತ್ತದಿದ್ದರೆ ಮುಂದಿನವರಿಗೆ ಹೋಗುತ್ತದೆ.

“ವೈನಿ, ಲಗೂನ ಬರ್ರಿ!” ಎಂದು ಕೂಗಿದೆ. ಅವರು ಓಡಿ ಬಂದರು, ಓದಿದರು, ಮುಖ ಅರಳಿತು. ಅಷ್ಟರಲ್ಲಿ ಕಣ್ಣು ಗೋಡೆಯ ಕಡೆ ಹೊರಳಿತು. ಗಂಟೆ ಹನ್ನೊಂದು. ಶುಕ್ರವಾರದ ರಾಹುಕಾಲ ಹತ್ತೂವರೆಯಿಂದ ಹನ್ನೆರಡು. ಊರಿನ ರಾಹು ಇನ್ನೂ ಮಲಗಿದ್ದ, ಇಲ್ಲಿಯವನು ನಡುಮನೆಯಲ್ಲೇ ಕೂತಿದ್ದ. ವೈನಿ ಅಲ್ಲಾಡಲಿಲ್ಲ. ಮೆಲ್ಲಗೆ ಅವ್ವನ ಮುಖ ನೋಡಿದರು.

ನಾನು ಬಾಯಿ ತೆರೆಯುವ ಮೊದಲೇ ಅವ್ವ ಬತ್ತಿ ಕೆಳಗಿಟ್ಟಳು.

“ಒತ್ತವಾ.”

“ಅತ್ಯಾರ, ರಾಹುಕಾಲ...”

“ನಿನ್ನ ಲಗ್ನಕ್ಕ ಆಚಾರ್ರನ್ನ ಕೂಡಿಸಿ ಅಗದೀ ಛಲೋ ಮುಹೂರ್ತ ತಗಿಸಿದ್ದೆ. ಆ ಮುಹೂರ್ತನ ನಿನ್ನ ಸಾಲಿ ಬಿಡಿಸ್ತು. ನೀ ಒಂದ ದಿನಾನೂ ನನಗ ಏನೂ ಅಂದಿಲ್ಲ. ರಾಹು ಬಿಡಸಲಿಕ್ಕೆ ಇನ್ನೇನ ಉಳದದ?”

ವೈನಿ ಕಣ್ಣು ಒರೆಸಲು ಕೈಯೆತ್ತಿ, ಮೊಣಕೈವರೆಗೂ ಮೆತ್ತಿದ ಕೆಸರು ನೋಡಿ, ಗಡಿಬಿಡಿಯಿಂದ ಬಚ್ಚಲಿಗೆ ಹೊರಟರು.

“ಕೈ ತೊಳ್ಕೊಂಡ ಬರ್ತೀನ್ರಿ ಅತ್ಯಾರ...”

ಅವ್ವ ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

“ತೊಳೀಬ್ಯಾಡ. ಮಣ್ಣಿನ ಕೈಲೇ ಒತ್ತು.”