ಮಾವ ಒರೆಸಿದ ಹಾರ್ಡ್ ಡಿಸ್ಕ್

ನಮ್ಮ ಸೋದರಮಾವನ ಕೈಗೆ ಒಂದು ಏಣಿ ಕೊಟ್ಟಿದ್ದರೆ ಸಂಡೂರಿನ ಗುಡ್ಡಗಳನ್ನೂ ಒರೆಸಿಟ್ಟುಬಿಡುತ್ತಿದ್ದ! ಗಣಿ ಜೋರಾಗಿದ್ದ ಕಾಲ. ಅದಿರಿನ ಲಾರಿಗಳ ಕೆಂಪು ಧೂಳಿಗೆ, ಬೆಳಿಗ್ಗೆ ಬಿಳಿ ಅಂಗಿ ತೊಟ್ಟವರು ಸಂಜೆಗೆ ಸನ್ಯಾಸಿಗಳಾಗಿರುತ್ತಿದ್ದರು. ಊರೆಲ್ಲ ಒಗ್ಗಿಕೊಂಡಿತು, ಮಾವ ಮಾತ್ರ ಹೆಗಲ ಟವೆಲ್ ಹಿಡಿದು ಯುದ್ಧ ಸಾರಿದ. ಬಸ್ಸಿನಲ್ಲಿ ಸೀಟು ಒರೆಸಿ, ಕಿಟಕಿ ಒರೆಸಿ, ಮುಂದೆ ಕೂತವನ ಬೋಳುತಲೆಗೂ ಕೈಹಾಕಿದ್ದನಂತೆ! "ಏನ್ ಮಾಡ್ತೀರಿ ಯಜಮಾನ್ರ?" ಎಂದು ಆತ ಹಾರಿಬಿದ್ದರೆ, "ಸುಮ್ನ ಕುಂದ್ರಿ, ಕಿವಿ ಹಿಂದ ಇನ್ನಾ ಐತಿ!"

ಊರಿನವರು ಲಾರಿ ಕೊಂಡರೆ ಮಾವ ಕಂಪ್ಯೂಟರ್ ಕೊಂಡ. ಯಾಕೆ? ಅತ್ತೆಯ ಹಾಡಿಗೆ! ಕಂಪ್ಲಿಯಿಂದ ಹೊಸಪೇಟೆವರೆಗೆ ಯಾರ ಮನೆ ಮದುವೆಯಾದರೂ ಸೋಬಾನೆ ಹಾಡಲು ಅತ್ತೆಯೇ ಬೇಕಿತ್ತು. ಮಾವ ಅವಳೆದುರು ಮೈಕಿಟ್ಟು, "ಕೆಮ್ಮಬ್ಯಾಡಲೇ, ಅದೂ ರೆಕಾರ್ಡ್ ಆಗ್ತೈತಿ!" ಎಂದು ಗದರುತ್ತ ಹಾಡುಗಳನ್ನೆಲ್ಲ ತುಂಬಿಸಿದ. ಒಂದು ಸಿಡಿಯಲ್ಲೂ ಇಡು ಎಂದೆ. "ಸಿಡಿ ಮ್ಯಾಲೆ ಧೂಳ ಕುಂದರ್ತೈತಿ, ಬ್ಯಾಡ." ಅಲ್ಲಿಗೆ ಮಾತು ಮುಗಿಯಿತು.

ಮುಂದೆ ಅತ್ತೆಗೆ ಗಂಟಲಿನ ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಹೋಯಿತು. ಬಾಯಿ ತೆರೆದರೆ ಬರೀ ಉಸಿರು. ದಿನಾ ಸಂಜೆ ಕಂಪ್ಯೂಟರಿನೆದುರು ಕೂತು ತನ್ನ ಹಾಡು ತಾನೇ ಕೇಳುತ್ತಿದ್ದಳು. ಅದೂ ಒಂದು ದಿನ ಟಕ್ ಟಕ್ ಎಂದು ನಿಂತೇಹೋಯಿತು.

ಹಾರ್ಡ್ ಡಿಸ್ಕ್ ಬಿಚ್ಚಿಸಿಕೊಂಡು ಮಾವ ಹೊಸಪೇಟೆಗೆ ನನ್ನ ಬಳಿ ಬಂದ. ಕಂಪ್ಯೂಟರ್ ರಿಪೇರಿ ಅಂಗಡಿಗೆ ಕರೆದೊಯ್ದೆ. ಅಂಗಡಿಯವರು ನೋಡಿ, "ಬೆಂಗಳೂರಿಗೆ ಕಳಿಸಿದ್ರ ಹಾಡು ಸಿಗಬೋದ್ರಿ. ಯಾರೂ ಮುಚ್ಚಳ ಮಾತ್ರ ತೆಗೀಬ್ಯಾಡ್ರಿ" ಎಂದರು. ಮಾವ ಬಿಟ್ಟುಬರಬೇಕಲ್ಲ! "ಆಕಿ ದನಿ ಐತಿ ಇದ್ರಾಗ. ಆಕಿನ್ನ ಕೇಳಿ ನಾಳೆ ತರ್ತೀನಿ" ಎಂದು ಎದೆಗವಚಿಕೊಂಡು ಹೊರಟ.

ಮರುದಿನ ಬಂದವನ ಮುಖದಲ್ಲಿ ಗೆಲುವೋ ಗೆಲುವು. "ಮುಚ್ಚಳ ತೆಗದೇ ಬಿಟ್ನಿ! ಒಳಗೊಂದು ದುಂಡನ ತಟ್ಟಿ ಇತ್ತು. ಒದ್ದಿ ಅರಿವಿಲೆ ಒರಸಿ, ಒಣ ಅರಿವಿಲೆ ತಿಕ್ಕೀನಿ. ಮಸ್ತ್ ಆಗೈತಿ, ಮುಖ ಕಾಣ್ತೈತಿ, ನೋಡ್ರಿ!"

ಅಂಗಡಿಯವರು ಅದನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಮೆಲ್ಲಗೆ, "ಹಾಡು ಆ ತಟ್ಟಿ ಮ್ಯಾಲೇ ಇತ್ರಿ, ಯಜಮಾನ್ರ" ಎಂದರು.

"ಮತ್ತ ಧೂಳು?"

"ಒಳಗ ಧೂಳ ಇರಲಿಲ್ರಿ."

ನಗಬೇಕಾದ ಮಾತೇ. ಆದರೆ ಮಾವನನ್ನು ಒಬ್ಬನನ್ನೇ ಕಳಿಸಲಾರದೆ ನಾನೂ ಸಂಡೂರಿನ ಬಸ್ಸು ಹತ್ತಿದೆ. ಅವನು ಸೀಟು ಒರೆಸದೇ ಕೂತ.

ಅತ್ತೆ ಬಾಗಿಲಲ್ಲೇ ಕಾಯುತ್ತಿದ್ದಳು. ಮಾವ ಕಟ್ಟೆಯ ಮೇಲೆ ಕುಸಿದು ಕೂತು, "ನಿನ್ನ ಹಾಡು ನನ್ನ ಕೈಯಾರೆ ಹಾಳ ಮಾಡಿದ್ನಲ್ಲೇ" ಎಂದು ಮಗುವಿನಂತೆ ಅತ್ತ. ಅತ್ತೆ ಬೈಯುತ್ತಾಳೆಂದು ಕಾದೆ. ಬೈಯಲಾದರೂ ದನಿ ಎಲ್ಲಿತ್ತು? ಅವಳು ಮಾವನ ಪಕ್ಕ ಕೂತು ತುಟಿ ಆಡಿಸತೊಡಗಿದಳು. ನನಗೆ ಕೇಳಿಸಿದ್ದು ಬರೀ ಉಸಿರು. ಮಾವ ಅವಳ ತುಟಿಯನ್ನೇ ನೋಡುತ್ತಿದ್ದವನು ತಟ್ಟನೆ ಕಣ್ಣೊರೆಸಿಕೊಂಡ.

"ಸೋಬಾನಿ ಮೂರನೇ ನುಡಿ ಬಿಟ್ಟಿ ನೋಡು" ಎಂದ.

ಅತ್ತೆ ಮತ್ತೆ ಮೊದಲಿನಿಂದ ಶುರುಮಾಡಿದಳು.